ಕವಲಿನಲ್ಲಿ ಲೆಕ್ಕ ತಪ್ಪುವುದಿಲ್ಲ

ಎಲೆಕ್ಟ್ರಿಕಲ್ ಓದಲು ಬಂದ ಮೊದಲ ವರ್ಷದ ಮಕ್ಕಳಿಗೆ ನಾನು ಕೇಳುವ ಮೊದಲ ಪ್ರಶ್ನೆ ಒಂದೇ. 60 ವ್ಯಾಟಿನದೊಂದು ಬಲ್ಬು, 100 ವ್ಯಾಟಿನದೊಂದು. ಎರಡೂ ಒಳಗಿನ ತಂತಿ ಕಾದು ಬೆಳಗುವ ಹಳೆಯ ಬಗೆಯವು. ಎರಡನ್ನೂ ಸರಣಿಯಲ್ಲಿ ಜೋಡಿಸಿ 230 ವೋಲ್ಟ್ ಕೊಟ್ಟರೆ ಯಾವುದು ಹೆಚ್ಚು ಬೆಳಗುತ್ತದೆ? ಬಹಳ ಕೈಗಳು ನೂರರ ಪರವಾಗಿಯೇ ಏಳುತ್ತವೆ. ಸ್ವಿಚ್ ಹಾಕುತ್ತೇನೆ. ಅರವತ್ತರದ್ದು ಹಳದಿಯಾಗಿ ಉರಿಯುತ್ತದೆ, ನೂರರದ್ದು ಆರುತ್ತಿರುವ ಕೆಂಡದ ಹಾಗೆ ಮಂಕಾಗಿರುತ್ತದೆ. ತರಗತಿ ಒಂದು ಗಳಿಗೆ ಸುಮ್ಮನಾಗುತ್ತದೆ. ನನ್ನ ಪಾಠ ಶುರುವಾಗುವುದು ಆ ಮೌನದಿಂದ.

ಕಾರಣವನ್ನು ಕಾಗದದ ಮೇಲೆ ಹುಡುಕೋಣ. 230 ವೋಲ್ಟಿನಲ್ಲಿ 60 ವ್ಯಾಟ್ ತೆಗೆದುಕೊಳ್ಳಬೇಕಾದರೆ ಆ ಬಲ್ಬಿನ ರೋಧ ಸುಮಾರು 882 ಓಮ್ ಇರಬೇಕು. 100 ವ್ಯಾಟಿನದಕ್ಕೆ 529 ಓಮ್ ಸಾಕು. ಸರಣಿಯಲ್ಲಿ ಎರಡರ ಮೂಲಕವೂ ಹರಿಯುವುದು ಅದೇ ಕರೆಂಟು. ಹರಿವು ಒಂದೇ ಆದಾಗ ಹೆಚ್ಚು ತಡೆಯುವವನಲ್ಲೇ ಹೆಚ್ಚು ಶಾಖ. ಬಲ್ಬಿನ ಗಾಜಿನ ಮೇಲೆ ಅಚ್ಚಾದ ವ್ಯಾಟ್ ಅದರ ಹುಟ್ಟುಗುಣವಲ್ಲ, 230 ವೋಲ್ಟ್ ಪೂರ್ತಿ ಸಿಕ್ಕಾಗ ಮಾತ್ರ ನಿಜವಾಗುವ ಮಾತು. ಅಂಕಿಯ ಹಿಂದಿರುವ ಷರತ್ತನ್ನು ಓದುವುದು ಈ ವಿದ್ಯೆಯ ಮೊದಲ ಪಾಠ.

ಎರಡನೆಯ ಪಾಠವೂ ಅದೇ ಬಲ್ಬಿನಲ್ಲಿದೆ. ಅರವತ್ತರ ಬಲ್ಬನ್ನು ಕಳಚಿ, ಆರಿದ ಮೇಲೆ ಮಲ್ಟಿಮೀಟರ್ ಹಿಡಿದರೆ 882 ಕಾಣುವುದಿಲ್ಲ, ಅದರ ಹತ್ತನೇ ಒಂದು ಪಾಲಿನ ಆಸುಪಾಸಿನಲ್ಲೇ ಮೀಟರ್ ನಿಲ್ಲುತ್ತದೆ. ಸೂತ್ರ ಸುಳ್ಳಾಯಿತೇ? ಇಲ್ಲ. ಉರಿಯುವಾಗ ಟಂಗ್‌ಸ್ಟನ್ ತಂತಿ ಎರಡು ಸಾವಿರ ಡಿಗ್ರಿಗೂ ಮೀರಿ ಕಾದಿರುತ್ತದೆ, ಕಾದಷ್ಟೂ ಅದರ ರೋಧ ಏರುತ್ತದೆ. ಹಳೆಯ ಬಲ್ಬುಗಳು ಬಹಳಮಟ್ಟಿಗೆ ಸ್ವಿಚ್ ಹಾಕಿದ ಕ್ಷಣದಲ್ಲೇ ಏಕೆ ಹೋಗುತ್ತಿದ್ದವು ಎಂಬುದಕ್ಕೂ ಇಲ್ಲೇ ಉತ್ತರವಿದೆ. ತಣ್ಣಗಿನ ತಂತಿಗೆ ಒಮ್ಮೆಲೇ ಹತ್ತು ಪಟ್ಟಿನ ಕರೆಂಟು ನುಗ್ಗುತ್ತದೆ.

‘ಕರೆಂಟು’ ಎಂಬ ಪದವನ್ನೂ ಬಿಡಿಸಿಕೊಳ್ಳಬೇಕು. ನಮ್ಮ ಮಾತಿನಲ್ಲಿ ಎಲ್ಲವೂ ಕರೆಂಟೇ: ಕರೆಂಟು ಬಂತು, ಕರೆಂಟು ಹೋಯ್ತು, ಕರೆಂಟು ಹೊಡೀತು, ಕರೆಂಟ್ ಬಿಲ್ಲು ಕಟ್ಟಿದೆ. ಆದರೆ ಏನನ್ನೂ ಸಿಕ್ಕಿಸದ ಪ್ಲಗ್ಗಿನಲ್ಲಿ ಇರುವುದು ವೋಲ್ಟೇಜ್ ಮಾತ್ರ. ತುಂಬಿದ ಕೆರೆಯ ತೂಬು ಮುಚ್ಚಿದ ಹಾಗೆ, ಒತ್ತಡವಿದೆ, ಹರಿವಿಲ್ಲ. ಫ್ಯಾನ್ ಹಾಕಿದಾಗ ತೂಬು ತೆರೆಯುತ್ತದೆ, ಹರಿವು ಶುರುವಾಗುತ್ತದೆ, ಅದು ಕರೆಂಟು. ಬಿಲ್ಲಿನಲ್ಲಿ ಎಣಿಸುವುದು ಇವೆರಡನ್ನೂ ಅಲ್ಲ, ಯೂನಿಟ್ಟನ್ನು. ಒಂದು ಕಿಲೋವ್ಯಾಟ್ ಒಂದು ಗಂಟೆ ಕೆಲಸ ಮಾಡಿದರೆ ಒಂದು ಯೂನಿಟ್. ಆಡುಮಾತಿನ ಒಂದು ಪದ ಮೂರಾಗಿ ಬಿಚ್ಚಿಕೊಂಡ ದಿನ ಅರ್ಧ ಗೊಂದಲ ಕಳೆಯುತ್ತದೆ.

ಮುಂದಿನ ದಾರಿಗೆ ಬುತ್ತಿ ಬಹಳ ಬೇಕಿಲ್ಲ. ಜರ್ಮನಿಯ ಗೇಯಾರ್ಗ್ ಓಮ್ 1827ರಲ್ಲಿ ಪ್ರಕಟಿಸಿದ ಒಂದು ನಿಯಮ, 1845ರಲ್ಲಿ ಗುಸ್ಟಾಫ್ ಕಿರ್ಖಾಫ್ ಕೊಟ್ಟ ಎರಡು ನಿಯಮ. ಆಗ ಕಿರ್ಖಾಫ್‌ನಿಗೆ 21 ವರ್ಷ, ಕ್ಯೋನಿಗ್ಸ್‌ಬರ್ಗಿನಲ್ಲಿ ಇನ್ನೂ ವಿದ್ಯಾರ್ಥಿ. ನನ್ನೆದುರು ಕೂತವರಿಗಿಂತ ಎರಡು ಮೂರು ವರ್ಷ ದೊಡ್ಡವನಷ್ಟೆ. ಇದನ್ನು ಹೇಳಿದಾಗಲೆಲ್ಲ ಹಿಂದಿನ ಬೆಂಚಿನಲ್ಲಿ ಯಾರೋ ಒಬ್ಬರು ನೆಟ್ಟಗೆ ಕೂರುವುದನ್ನು ಕಂಡಿದ್ದೇನೆ.

ಅವನ ಮೊದಲ ನಿಯಮ ಅಡಿಕೆ ತೋಟಕ್ಕೆ ನೀರು ಬಿಟ್ಟವರಿಗೆಲ್ಲ ಗೊತ್ತು. ಕಾಲುವೆಯ ಕವಲಿಗೆ ಎಷ್ಟು ನೀರು ಬಂತೋ ಅಷ್ಟೇ ನೀರು ಕವಲುಗಳಲ್ಲಿ ಹೋಗಬೇಕು. ತಂತಿಗಳ ಕವಲಿನಲ್ಲಿ ಕರೆಂಟಿನ ಲೆಕ್ಕವೂ ಹಾಗೆಯೇ. ಎರಡನೆಯದು ಚಾಮುಂಡಿ ಬೆಟ್ಟ ಹತ್ತಿದವರಿಗೆ ತಿಳಿದೀತು. ಮೆಟ್ಟಿಲಲ್ಲಿ ಹತ್ತಿ, ರಸ್ತೆಯಲ್ಲಿ ಇಳಿದು, ಹೊರಟಲ್ಲಿಗೇ ಮರಳಿದರೆ ಏರಿದ್ದೆಷ್ಟೋ ಇಳಿದದ್ದೂ ಅಷ್ಟೇ. ಬ್ಯಾಟರಿ ಏರಿಸಿದ ವೋಲ್ಟೇಜನ್ನು ಮಂಡಲದ ರೋಧಗಳು ಸುತ್ತು ಮುಗಿಯುವುದರೊಳಗೆ ಪೂರ್ತಿ ಇಳಿಸುತ್ತವೆ. ನಿಯಮ ಬಾಯಿಪಾಠ ಮಾಡಲು ಐದು ನಿಮಿಷ ಸಾಕು. ಸಿಕ್ಕುಬಿದ್ದ ಚಿತ್ರದಲ್ಲಿ ಕವಲುಗಳನ್ನೂ ಸುತ್ತುಗಳನ್ನೂ ಕಣ್ಣು ತಾನಾಗಿ ಗುರುತಿಸಲು ತಿಂಗಳುಗಳೇ ಬೇಕು. ಆ ಕಣ್ಣನ್ನು ಪಳಗಿಸುವ ಕೆಲಸಕ್ಕೇ ಕಲಿಕೆ ಎನ್ನುತ್ತೇನೆ.

ಕಣ್ಣಿನ ಜೊತೆಗೆ ಕೈಯೂ ಪಳಗಬೇಕು. ನಾನು ಓದುವಾಗ ಒಮ್ಮೆ ಅಮ್ಮೀಟರನ್ನು ವೋಲ್ಟ್‌ಮೀಟರಿನಂತೆ ಸಪ್ಲೈಗೆ ಅಡ್ಡಲಾಗಿ ಜೋಡಿಸಿದ್ದೆ. ಫ್ಯೂಸ್ ಹಾರಿತು. ಮೇಷ್ಟ್ರು ಗದರಲಿಲ್ಲ. “ಮೀಟರ್ ಇರೋ ಜಾಗದಲ್ಲಿ ಅದರ ಒಳಗಿನ ರೋಧ ಬರೆದು ಲೆಕ್ಕ ಮಾಡಪ್ಪ” ಎಂದರು. ಬರೆದೆ. ಹರಿವನ್ನು ಅಳೆಯುವ ಅಮ್ಮೀಟರ್ ದಾರಿಗೆ ಅಡ್ಡಿಯಾಗಬಾರದೆಂದು ಅದರ ರೋಧವನ್ನು ತೀರ ಕಡಿಮೆ ಇಟ್ಟಿರುತ್ತಾರೆ. ಅದನ್ನು ಅಡ್ಡಲಾಗಿ ಇಟ್ಟರೆ ಶಾರ್ಟ್ ಸರ್ಕ್ಯೂಟ್ ಮಾಡಿದಂತೆಯೇ. ಅಂದಿನಿಂದ ನನಗೆ ಯಾವ ಉಪಕರಣವೂ ಬರೀ ಡಬ್ಬಿಯಾಗಿ ಕಂಡಿಲ್ಲ.

ಹೀಗೆ ಕಲಿತ ನಿಯಮಗಳು ಎಷ್ಟು ದೂರ ಬರುತ್ತವೆ ನೋಡಿ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ಸುಮಾರು 147 ಕಿಲೋಮೀಟರ್ ದೂರ ವಿದ್ಯುತ್ ಹರಿಯಿತು. ಅಷ್ಟು ಉದ್ದದ ತಂತಿ ಕಾದು ದಾರಿಯಲ್ಲೇ ವಿದ್ಯುತ್ತನ್ನು ತಿಂದುಬಿಡಬಾರದಲ್ಲ? ವೋಲ್ಟೇಜ್ ಎರಡು ಪಟ್ಟು ಏರಿಸಿದರೆ ಅಷ್ಟೇ ಶಕ್ತಿಗೆ ಅರ್ಧ ಕರೆಂಟು ಸಾಕು. ಕರೆಂಟು ಅರ್ಧವಾದರೆ ತಂತಿಯಲ್ಲಿನ ನಷ್ಟ ಕಾಲು ಭಾಗಕ್ಕೆ ಇಳಿಯುತ್ತದೆ. ಅದಕ್ಕೇ ಹತ್ತಾರು ಸಾವಿರ ವೋಲ್ಟಿಗೆ ಏರಿಸಿ ಕಳಿಸಿದರು. ಈಗಲೂ ಊರ ಟ್ರಾನ್ಸ್‌ಫಾರ್ಮರಿನವರೆಗೆ ಬರುವುದು 11,000 ವೋಲ್ಟ್. ಸಂಜೆ ಪಂಪ್‌ಸೆಟ್‌ಗಳೆಲ್ಲ ಓಡುವಾಗ ಲೈನಿನ ಕೊನೆಯ ಮನೆಯ ದೀಪ ಮಂಕಾಗುವುದೂ ಇದೇ ಲೆಕ್ಕದಿಂದ. ಕರೆಂಟು ಹೆಚ್ಚಿದಷ್ಟೂ ದಾರಿಯಲ್ಲಿ ಇಳಿಯುವ ವೋಲ್ಟ್ ಹೆಚ್ಚು.

ಎರಡನೇ ವರ್ಷದಲ್ಲಿ ತ್ರೀ ಫೇಸ್ ಬರುತ್ತದೆ. ಮೂರು ತಂತಿಗಳ ವೋಲ್ಟೇಜ್ ಒಂದರ ಹಿಂದೆ ಒಂದು, ಸುತ್ತಿನ ಮೂರನೇ ಒಂದು ಪಾಲಿನಷ್ಟು ತಡವಾಗಿ ಏರಿಳಿಯುತ್ತವೆ. ಯಾವುದೇ ಫೇಸಿನಿಂದ ನ್ಯೂಟ್ರಲ್‌ಗೆ 230 ವೋಲ್ಟ್, ಎರಡು ಫೇಸುಗಳ ನಡುವೆ ಸುಮಾರು 400. ಮೂರರ ಮೇಲೂ ಹೊರೆ ಸಮನಾಗಿದ್ದರೆ ಮೂರು ಕರೆಂಟುಗಳ ಮೊತ್ತ ಪ್ರತಿ ಕ್ಷಣವೂ ಸೊನ್ನೆ, ನ್ಯೂಟ್ರಲ್‌ಗೆ ಕೆಲಸವೇ ಇಲ್ಲ. ಕಿರ್ಖಾಫ್‌ನ ಕವಲು ಇಲ್ಲಿ ಇನ್ನೊಂದು ವೇಷದಲ್ಲಿ ಬಂದಿದೆ.

ಆದರೆ ಹೊರೆ ಸಮನಾಗಿರುವುದು ಅಪರೂಪ. “ನ್ಯೂಟ್ರಲ್ ಕಟ್ಟಾಗಿ ಟಿವಿ ಸುಟ್ಟುಹೋಯ್ತು” ಎಂಬ ಮಾತನ್ನು ನೀವೂ ಕೇಳಿರುತ್ತೀರಿ. ಬೇರೆ ಬೇರೆ ಫೇಸಿನ ಎರಡು ಮನೆಗಳನ್ನು ತೆಗೆದುಕೊಳ್ಳಿ. ಒಂದರಲ್ಲಿ ಗೀಸರ್ ಓಡುತ್ತಿದೆ, ಇನ್ನೊಂದರಲ್ಲಿ ಟಿವಿ ಮಾತ್ರ. ಮರಳುವ ದಾರಿಯಾದ ನ್ಯೂಟ್ರಲ್ ಕಡಿದುಹೋದರೆ ಎರಡು ಮನೆಗಳೂ 400 ವೋಲ್ಟಿನ ನಡುವೆ ಸರಣಿಯಲ್ಲಿ ಸಿಕ್ಕಿಕೊಳ್ಳುತ್ತವೆ. ರೋಧ ಹೆಚ್ಚಿರುವ ಕಡೆಗೇ ವೋಲ್ಟೇಜ್ ಹೆಚ್ಚು. ಕಡಿಮೆ ಹೊರೆಯ ಮನೆಯ ಟಿವಿ 230ರ ಬದಲು ಮುನ್ನೂರಕ್ಕೂ ಮೀರಿ ತಿಂದು ಸುಡುತ್ತದೆ. ಬೋರ್ಡಿನ ಮೇಲೆ ಇಷ್ಟು ಬರೆದು ನಾನು ನಿಲ್ಲಿಸುತ್ತೇನೆ. “ಸರ್, ಇದು ಆ ಅರವತ್ತರ ಬಲ್ಬು” ಎಂದು ಯಾರಾದರೂ ಹೇಳುವವರೆಗೆ ಕಾಯುತ್ತೇನೆ. ಆ ಮಾತು ಬಂದ ವರ್ಷ ನನ್ನ ಪಾಠ ಸಾರ್ಥಕ. ಮೂಲಪಾಠವೆಂದರೆ ಮೊದಲ ಸೆಮಿಸ್ಟರಿಗೆ ಮುಗಿದುಹೋಗುವ ಅಧ್ಯಾಯವಲ್ಲ. ಪ್ರತಿ ವರ್ಷವೂ ಇನ್ನಷ್ಟು ಎತ್ತರದಲ್ಲಿ ಮತ್ತೆ ಎದುರಾಗುವ ಅದೇ ಮುಖ.

ಕೊನೆಗೊಂದು ಮನೆಗೆಲಸ ಕೊಡುತ್ತೇನೆ. ನಿಮ್ಮ ಮನೆಯ ಬೋರ್ಡಿನಲ್ಲಿ ಆರ್‌ಸಿಸಿಬಿ ಇದ್ದರೆ ನೋಡಿ ಬನ್ನಿ. ಅದರೊಳಗೆ ಒಂದು ಬಳೆ. ಹೋಗುವ ಫೇಸೂ ಮರಳುವ ನ್ಯೂಟ್ರಲ್ಲೂ ಅದರ ನಡುವೆಯೇ ಹಾದಿವೆ. ಹೋದಷ್ಟೇ ಮರಳಿದರೆ ಎರಡರ ಕಾಂತಕ್ಷೇತ್ರವೂ ಒಂದನ್ನೊಂದು ಅಳಿಸಿಕೊಳ್ಳುತ್ತವೆ. ಒದ್ದೆ ಕೈಯಲ್ಲಿ ಯಾರೋ ಕೆಟ್ಟ ಗೀಸರನ್ನು ಮುಟ್ಟಿದರು, ಒಂದಿಷ್ಟು ಕರೆಂಟು ಅವರ ಮೈಯಿಂದ ನೆಲಕ್ಕಿಳಿಯಿತು ಎನ್ನಿ. ಮರಳಿದ್ದು ಕಡಿಮೆಯಾಯಿತು. ಆ ವ್ಯತ್ಯಾಸ 30 ಮಿಲಿಆಂಪಿಯರ್ ಮುಟ್ಟುವುದರೊಳಗೆ, ಕಣ್ಣುರೆಪ್ಪೆ ಬಡಿಯುವಷ್ಟರಲ್ಲಿ ಅದು ಲೈನನ್ನು ಕಡಿಯುತ್ತದೆ. ಅದರ ಮೇಲೆ ‘ಟಿ’ ಎಂದು ಬರೆದ ಗುಂಡಿಯಿದೆ. ಒತ್ತಿದರೆ ಒಂದು ಪುಟ್ಟ ರೋಧದ ಮೂಲಕ ಸ್ವಲ್ಪ ಕರೆಂಟು ಬಳೆಯ ಲೆಕ್ಕ ತಪ್ಪಿಸಿ ಹರಿಯುತ್ತದೆ, ಟಪ್ಪೆಂದು ಸ್ವಿಚ್ ಬೀಳುತ್ತದೆ.

ಮರುದಿನ ತರಗತಿಗೆ ಬಂದವರಲ್ಲಿ ಗುಂಡಿ ಒತ್ತಿ ನೋಡಿದವರನ್ನು ಮುಖದಲ್ಲೇ ಗುರುತಿಸಬಹುದು. ಮನೆಮಂದಿಯೆಲ್ಲ ಕತ್ತಲಲ್ಲಿ “ಕರೆಂಟು ಹೋಯ್ತಾ?” ಎಂದು ಕೇಳಿದಾಗ, ಅವರೊಬ್ಬರಿಗೆ ಮಾತ್ರ ಅದು ಹೇಗೆ ಹೋಯಿತು, ಯಾರನ್ನು ಕಾಯಲು ಹೋಗುತ್ತದೆ ಎಂಬುದು ಗೊತ್ತಿತ್ತು.