ತಲೆ ಬಿಟ್ಟು ಕಾಂಡ ಹಿಡಿದ ಪ್ರತಿಕಾಯ

ಇನ್‌ಫ್ಲುಯೆಂಜಾ ವೈರಸ್ಸಿನ ಮೈತುಂಬ ಮುಳ್ಳುಗಳು. ಅವುಗಳಲ್ಲಿ ಹೆಚ್ಚಿನವು ಹೀಮಗ್ಲುಟಿನಿನ್ ಎಂಬ ಪ್ರೋಟೀನಿನವು. ಅದರ ಆಕಾರವನ್ನು 1981ರಲ್ಲಿ ಇಯಾನ್ ವಿಲ್ಸನ್, ಜಾನ್ ಸ್ಕೆಹೆಲ್ ಮತ್ತು ಡಾನ್ ವೈಲಿ ಬಿಡಿಸಿ ತೋರಿಸಿದರು. ಎತ್ತರ ಸುಮಾರು 13.5 ನ್ಯಾನೋಮೀಟರ್, ಅಣಬೆಯ ಹಾಗೆ ಮೇಲೊಂದು ತಲೆ, ಕೆಳಗೆ ಕಾಂಡ. ನಮ್ಮ ಉಸಿರ್ನಾಳದ ಜೀವಕೋಶದ ಹೊರಮೈಯಲ್ಲಿರುವ ಸಿಯಾಲಿಕ್ ಆಮ್ಲಕ್ಕೆ ಅಂಟಿಕೊಳ್ಳುವುದು ತಲೆಯ ಕೆಲಸ. ವೈರಸ್ ಕೋಶದೊಳಗೆ ಹೋದಮೇಲೆ ಕಾಂಡ ತನ್ನ ರೂಪ ಬದಲಿಸಿ ವೈರಸ್ಸಿನ ಪೊರೆಯನ್ನು ಕೋಶದ ಪೊರೆಯೊಂದಿಗೆ ಬೆಸೆಯುತ್ತದೆ.

ಸೋಂಕು ತಗುಲಿದಾಗ ನಮ್ಮ ಪ್ರತಿಕಾಯಗಳಲ್ಲಿ ಬಹುಪಾಲು ತಲೆಯನ್ನೇ ಗುರುತಿಸುತ್ತವೆ. ಹೊರಗೆ ಚಾಚಿಕೊಂಡು ಸುಲಭವಾಗಿ ಕೈಗೆ ಸಿಗುವುದು ಅದೇ. ಆದರೆ ವರ್ಷ ವರ್ಷ ವೇಷ ಬದಲಿಸುವುದೂ ಅದೇ. ಹೋದ ವರ್ಷದ ಲಸಿಕೆ ಈ ವರ್ಷ ಸಾಲದೆ ಹೋಗುವುದು ಹೀಗೆ. ಕಾಂಡಕ್ಕೆ ಅಷ್ಟು ಸಲೀಸಾಗಿ ಬದಲಾಗಲು ಆಗದು. ಬದಲಾದರೆ ಪೊರೆ ಬೆಸೆಯುವ ಕೆಲಸವೇ ಕೆಡಬಹುದು.

ಕಾಂಡವನ್ನು ಹಿಡಿಯುವ ಮನುಷ್ಯ ಪ್ರತಿಕಾಯವೊಂದರ ಚಿತ್ರ 2009ರಲ್ಲಿ ಸಿಕ್ಕಿತು. ಸಿಆರ್6261 ಎಂಬ ಆ ಪ್ರತಿಕಾಯ 1918ರ ಮಹಾಮಾರಿಯ ವೈರಸ್ಸಿನ ಮುಳ್ಳನ್ನೂ ಹಕ್ಕಿಜ್ವರದ ಎಚ್5ಎನ್1ನ ಮುಳ್ಳನ್ನೂ ಒಂದೇ ಜಾಗದಲ್ಲಿ ಹಿಡಿಯುತ್ತದೆ. ಸಾಮಾನ್ಯವಾಗಿ ಪ್ರತಿಕಾಯದ ಭಾರಸರಪಳಿ, ಹಗುರಸರಪಳಿ ಎರಡೂ ಸೇರಿ ಹಿಡಿತ ಬಿಗಿಯುತ್ತವೆ. ಇಲ್ಲಿ ಭಾರಸರಪಳಿಯೊಂದೇ ಸಾಕಾಯಿತು. ಅದರ ಮೂಲ ಐಜಿಎಚ್‌ವಿ1-69 ಎಂಬ ಜೀನ್. ಈ ಜೀನ್ ಕಟ್ಟುವ ಒಂದು ಕುಣಿಕೆಯ ತುದಿಯಲ್ಲಿ, 54ನೇ ಸ್ಥಾನದಲ್ಲಿ, ಫೀನೈಲಲನಿನ್ ಎಂಬ ನೀರೊಲ್ಲದ ಅಮೈನೋ ಆಮ್ಲವಿದೆ. ಕಾಂಡದಲ್ಲಿರುವ ನೀರೊಲ್ಲದ ಪುಟ್ಟ ಗುಳಿಯೊಳಗೆ ಅದು ಹೋಗಿ ಕೂರುತ್ತದೆ. ನನ್ನನ್ನು ಬೆರಗುಗೊಳಿಸುವುದು ಇದೇ: ವೈರಸ್ಸನ್ನು ಎಂದೂ ಕಾಣದ ಮಗುವಿನ ಜೀನಿನಲ್ಲಿ ಆ ಗುಳಿಗೆ ಹೊಂದುವ ತುದಿ ಮೊದಲೇ ಇರುತ್ತದೆ. ಎಲ್ಲರಲ್ಲೂ ಅಲ್ಲ, ಕೆಲವರಲ್ಲಿ ಆ ಸ್ಥಾನದಲ್ಲಿ ಲ್ಯೂಸಿನ್ ಇರುತ್ತದೆ.

ಹಾಗಾದರೆ ತಲೆ ತೆಗೆದು ಕಾಂಡವನ್ನಷ್ಟೇ ದೇಹಕ್ಕೆ ತೋರಿಸಿದರೆ? ಹೇಳಿದಷ್ಟು ಸುಲಭವಲ್ಲ. ತಲೆ ಹೋದರೆ ಕಾಂಡ ತನ್ನ ಆಕಾರ ಕಳೆದುಕೊಳ್ಳುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರಾಘವನ್ ವರದರಾಜನ್ ಅವರ ತಂಡ ಆ ಆಕಾರ ನಿಲ್ಲುವಂತೆ ಪ್ರೋಟೀನನ್ನು ಹೊಸದಾಗಿ ವಿನ್ಯಾಸಗೊಳಿಸಿ, ಬ್ಯಾಕ್ಟೀರಿಯಾದಲ್ಲಿ ಬೆಳೆಸಿ, ಅದು ಇಲಿಗಳನ್ನು ಸೋಂಕಿನಿಂದ ಕಾಪಾಡಿದ್ದನ್ನು 2010ರಲ್ಲಿ ಪ್ರಕಟಿಸಿತು.

ಆದರೆ ಇಲಿಯಲ್ಲಿ ಮನುಷ್ಯನ ಐಜಿಎಚ್‌ವಿ1-69 ಜೀನ್ ಇಲ್ಲ. ಲಸಿಕೆ ಪರೀಕ್ಷೆಗೆ ನಾವು ನೆಚ್ಚಿಕೊಂಡ ಮಕಾಕ್ ಕೋತಿಯಲ್ಲೂ ಅದು ನಮ್ಮಲ್ಲಿರುವ ರೂಪದಲ್ಲಿಲ್ಲ. ಹೀಗಿದ್ದೂ ಕಾಂಡದ ಲಸಿಕೆ ಪಡೆದ ಮಕಾಕ್‌ಗಳು ಬೇರೆ ಜೀನ್‌ಗಳಿಂದ ಪ್ರತಿಕಾಯ ಕಟ್ಟಿ, ಹೆಚ್ಚುಕಡಿಮೆ ಅದೇ ಗುಳಿಯ ಸುತ್ತಲೇ ಹಿಡಿದವು. ಗುರಿ ಒಂದೇ, ತಲುಪಿದ ದಾರಿ ಬೇರೆ. ಆದ್ದರಿಂದ ಕೋತಿಯ ರಕ್ತದಲ್ಲಿ ಕಂಡ ಉತ್ತರವನ್ನು ಮನುಷ್ಯನಿಗೆ ಹಾಗೆಯೇ ಅನ್ವಯಿಸಿಬಿಡುವುದು ಅವಸರವಾದೀತು: ಕಾಂಡವನ್ನು ಹಿಡಿಯಲು ಸಾಧ್ಯವೆಂಬುದನ್ನು ಅದು ತೋರಿಸುತ್ತದೆ, ನಮ್ಮ ದೇಹ ಎಷ್ಟು ಬೇಗ, ಎಷ್ಟು ಬಿಗಿಯಾಗಿ ಹಿಡಿದೀತೆಂಬುದನ್ನಲ್ಲ.

ಅದನ್ನು ಮನುಷ್ಯರಲ್ಲೇ ನೋಡಬೇಕಿತ್ತು. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳ ವಿಜ್ಞಾನಿಗಳು ಕಾಂಡವನ್ನು ನ್ಯಾನೋಕಣಕ್ಕೆ ಕೂರಿಸಿದ ಲಸಿಕೆಯನ್ನು 52 ಆರೋಗ್ಯವಂತ ವಯಸ್ಕರಿಗೆ ಕೊಟ್ಟು ನೋಡಿದರು. 2023ರಲ್ಲಿ ಫಲಿತಾಂಶ ಹೊರಬಂತು: ಕಾಂಡವನ್ನು ಗುರುತಿಸುವ ಪ್ರತಿಕಾಯಗಳು ಹುಟ್ಟಿದ್ದವು, ಒಂದು ವರ್ಷ ಕಳೆದರೂ ಉಳಿದಿದ್ದವು.