ಸೀರಮ್ ಯಾಕೆ ಚಹಾ ಬಣ್ಣಕ್ಕೆ ತಿರುಗಿತು?

ಹೋದ ಬೇಸಿಗೆ ನಮ್ಮ ಫ್ಲಾಟಿನ ಬಾತ್‌ರೂಮ್ ಕಿಟಕಿಯಲ್ಲಿ ಒಂದು ಸಣ್ಣ ಗಾಜಿನ ಬಾಟಲಿ ಇತ್ತು. ನಾವೇ ಮನೆಯಲ್ಲಿ ಮಾಡಿದ ವಿಟಮಿನ್ ಸಿ ಸೀರಮ್. ಮಾಡಿದ ದಿನ ನೀರಿನ ಹಾಗೆ ತಿಳಿಯಾಗಿತ್ತು. ಒಂದು ವಾರಕ್ಕೆ ಹಳದಿ, ಎರಡನೇ ವಾರಕ್ಕೆ ಹಾಲು ಹಾಕದ ಚಹಾ. ನಮ್ಮಲ್ಲೊಬ್ಬರು "ಪವರ್ ಜಾಸ್ತಿ ಆಗ್ತಿದೆ ಅನ್ಸುತ್ತೆ" ಅಂತ ಇನ್ನೂ ನಾಲ್ಕು ದಿನ ಹಚ್ಚಿಕೊಂಡರು. ಮುಖದ ಕಲೆ ಹೋಗಲಿಲ್ಲ, ದಿಂಬಿನ ಕವರಿಗೆ ಹೊಸ ಕಲೆ ಬಂತು.

ಈಗ ಹೇಳಿಕೊಂಡು ನಗ್ತೀವಿ. ಆದರೆ ಅಲ್ಲಿಯವರೆಗೆ ಯಾಕೆ ಹೋದೆವು ಅನ್ನೋದು ನಗುವ ವಿಷಯ ಅಲ್ಲ. ಹಾಕ್ಸ್ ಬೇಯ ಸೇಬಿನ ತೋಟದಲ್ಲೋ, ಆಕ್ಲೆಂಡಿನ ಕಟ್ಟಡದ ಮೇಲೋ, ರಸ್ತೆ ಕೆಲಸದಲ್ಲೋ ಎರಡು ಬೇಸಿಗೆ ಕಳೆದರೆ ಸಾಕು, ಕೆನ್ನೆ, ಮೂಗು, ಹಣೆಯ ಮೇಲೆ ಭಂಗು ಮೂಡುತ್ತೆ. ಊರಿಗೆ ವಿಡಿಯೋ ಕಾಲ್ ಮಾಡಿದರೆ ಅಮ್ಮನ ಮೊದಲ ಮಾತು, "ಯಾಕೋ ಇಷ್ಟು ಕಪ್ಪಾಗಿದೀಯ, ಊಟ ಸರಿಯಾಗಿ ಮಾಡ್ತಿಲ್ವಾ?" ಮದುವೆ ಮಾತುಕತೆ ನಡೀತಿರೋ ಮನೆಯಾದರೆ ಮುಂದಿನ ಮಾತು ಬೇರೆಯೇ. ಆ ಒತ್ತಡದಲ್ಲೇ ನಮ್ಮವರು ಸಿಕ್ಕಿದ ಡಬ್ಬಿಗೆಲ್ಲ ಕೈ ಹಾಕೋದು.

ಮೊದಲು ಒಂದು ಮಾತು ಬಿಡಿಸಿ ಹೇಳಿಬಿಡ್ತೀವಿ. ಬಿಸಿಲಿಗೆ ಬಂದ ಕಲೆ ಬೇರೆ, ಹುಟ್ಟಿನಿಂದ ಬಂದ ಮೈಬಣ್ಣ ಬೇರೆ. ಕಲೆಯನ್ನು ತಿಳಿಯಾಗಿಸಬಹುದು. ಅಪ್ಪ ಅಮ್ಮನಿಂದ ಬಂದ ಬಣ್ಣವನ್ನು ಯಾವ ಸೀರಮ್ಮೂ ಬದಲಾಯಿಸಲ್ಲ, ಬದಲಾಯಿಸಬೇಕಾದ್ದೂ ಇಲ್ಲ. 1975ರಿಂದ 'ಫೇರ್ ಅಂಡ್ ಲವ್ಲಿ' ಅಂತ ಮಾರಿದ ಕ್ರೀಮು 2020ರಲ್ಲಿ 'ಗ್ಲೋ ಅಂಡ್ ಲವ್ಲಿ' ಆಯ್ತು. ಹೆಸರು ಬದಲಾಯ್ತು, ನಮ್ಮ ಮನೆಗಳ ಮಾತು ಇನ್ನೂ ಬದಲಾಗಿಲ್ಲ.

ಸರಿ, ಬಾಟಲಿಗೆ ಬರೋಣ. ವಿಟಮಿನ್ ಸಿ ಅಂದರೆ ಆಸ್ಕಾರ್ಬಿಕ್ ಆಮ್ಲ. ಪುಡಿಯಾಗಿ ಒಣಗಿದ್ದಾಗ ಅದು ಸಾಧು. ನೀರಿಗೆ ಬಿದ್ದ ಗಳಿಗೆಯಿಂದ ಗಾಳಿಯ ಆಮ್ಲಜನಕದ ಜೊತೆ ಸೇರಿ ಕೆಡೋಕೆ ಶುರು. ಬೆಳಕು, ಶಾಖ, ನೀರಲ್ಲಿರೋ ಚೂರುಪಾರು ಕಬ್ಬಿಣ, ತಾಮ್ರ ಎಲ್ಲವೂ ಅದನ್ನು ಇನ್ನೂ ಬೇಗ ಕೆಡಿಸುತ್ತವೆ. ಹೆಚ್ಚಿದ ಸೇಬು ಕಂದು ತಿರುಗುತ್ತಲ್ಲ, ಸುಮಾರು ಹಾಗೇ ಅಂದುಕೊಳ್ಳಿ. ನಾವು ಮಾಡಿದ್ದು ನಲ್ಲಿ ನೀರಲ್ಲಿ, ಇಟ್ಟಿದ್ದು ಬಿಸಿಲು ಬೀಳೋ ಕಿಟಕಿಯಲ್ಲಿ, ದಿನಕ್ಕೆ ಎರಡು ಸಲ ಮುಚ್ಚಳ ತೆಗೆದಿದ್ದು. ಕೆಡದೆ ಇನ್ನೇನಾದೀತು?

ಇನ್ನೊಂದು ತೊಡಕು ಹುಳಿಯದ್ದು. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಚರ್ಮತಜ್ಞ ಶೆಲ್ಡನ್ ಪಿನ್ನೆಲ್ ಮತ್ತು ಅವರ ಜೊತೆಗಾರರು 2001ರಲ್ಲಿ ತೋರಿಸಿದ ಪ್ರಕಾರ ಈ ಆಮ್ಲ ಚರ್ಮದೊಳಗೆ ಇಳಿಯಬೇಕಾದರೆ ಪಿಎಚ್ 3.5ಕ್ಕಿಂತ ಕಡಿಮೆ ಇರಬೇಕು. ಶೇಕಡ 20 ದಾಟಿದ ಮೇಲೆ ಇನ್ನಷ್ಟು ಹಾಕಿದರೂ ಹೆಚ್ಚು ಇಳಿಯಲ್ಲ. 2005ರಲ್ಲಿ ಅದೇ ತಂಡ ಶೇಕಡ 15 ವಿಟಮಿನ್ ಸಿ, ಶೇಕಡ 1 ವಿಟಮಿನ್ ಇ ಇರೋ ದ್ರಾವಣಕ್ಕೆ ಶೇಕಡ 0.5 ಫೆರುಲಿಕ್ ಆಮ್ಲ ಸೇರಿಸಿದಾಗ ಅದು ಹೆಚ್ಚು ಕಾಲ ಕೆಡದೆ ಉಳಿಯಿತು. ಆದರೆ ಫೆರುಲಿಕ್ ಆಮ್ಲ ತಣ್ಣೀರಲ್ಲಿ ಸರಿಯಾಗಿ ಕರಗಲ್ಲ, ವಿಟಮಿನ್ ಇ ಎಣ್ಣೆಯ ಜಾತಿ, ನೀರಿಗೆ ಸೇರಲ್ಲ. ಅಡುಗೆಮನೆಯಲ್ಲಿ ಇವನ್ನೆಲ್ಲ ಒಂದು ಮಾಡೋ ಹುಚ್ಚು ನಮಗೆ ಸಾಕಾಯ್ತು.

ಸೂಪರ್‌ಮಾರ್ಕೆಟ್ಟಿನ ವಿಟಮಿನ್ ಸಿ ಮಾತ್ರೆ ಪುಡಿ ಮಾಡೋದೂ ಬೇಡ, ಅದರಲ್ಲಿ ಸಿಹಿ, ಬಣ್ಣ, ಅಂಟು ಎಲ್ಲ ಇರುತ್ತೆ. ನಿಂಬೆಹಣ್ಣು ಅಂತೂ ಬೇಡವೇ ಬೇಡ. ನಿಂಬೆ ಜಾತಿಯ ರಸ ಮೈಮೇಲಿದ್ದಾಗ ಬಿಸಿಲು ಬಿದ್ದರೆ ಸುಟ್ಟ ಗಾಯದ ಹಾಗೆ ಬೊಬ್ಬೆ ಏಳಬಹುದು, ಆಮೇಲೆ ತಿಂಗಳುಗಟ್ಟಲೆ ಕಪ್ಪು ಗುರುತು. ಇದ್ದ ಕಲೆ ಕಳೆಯೋಕೆ ಹೋಗಿ ಇನ್ನೊಂದನ್ನು ತಂದುಕೊಂಡ ಹಾಗೆ.

ಹಾಗಾಗಿ ನಾವು ಸಾಮಗ್ರಿಯನ್ನೇ ಬದಲಾಯಿಸಿದೆವು. ನಯಾಸಿನಮೈಡ್, ಇದು ವಿಟಮಿನ್ ಬಿ3ಯ ಒಂದು ರೂಪ. ನೀರಲ್ಲಿ ಸಲೀಸಾಗಿ ಕರಗುತ್ತೆ, ಗಾಳಿ ಬೆಳಕಿಗೆ ಅಷ್ಟು ಬೇಗ ಹೆದರಲ್ಲ. ಚರ್ಮದಲ್ಲಿ ತಯಾರಾದ ಬಣ್ಣದ ಕಣಗಳು ಮೇಲಿನ ಜೀವಕೋಶಗಳಿಗೆ ಸಾಗೋದನ್ನು ಇದು ತಡೆಯುತ್ತೆ. 2011ರಲ್ಲಿ ಮೆಕ್ಸಿಕೋದಲ್ಲಿ ಭಂಗು ಇದ್ದ 27 ಹೆಂಗಸರಿಗೆ ಮುಖದ ಒಂದು ಬದಿಗೆ ಶೇಕಡ 4 ನಯಾಸಿನಮೈಡ್, ಇನ್ನೊಂದು ಬದಿಗೆ ಹೈಡ್ರೋಕ್ವಿನೋನ್ ಎಂಟು ವಾರ ಹಚ್ಚಿ ನೋಡಿದರು. ಚೆನ್ನಾಗಿ ಗುಣ ಕಂಡಿದ್ದು ನಯಾಸಿನಮೈಡ್ ಬದಿಯಲ್ಲಿ ಶೇಕಡ 44 ಮಂದಿಗೆ, ಇನ್ನೊಂದು ಬದಿಯಲ್ಲಿ ಶೇಕಡ 55 ಮಂದಿಗೆ. ಸ್ವಲ್ಪ ಹಿಂದೆ, ಆದರೆ ಉರಿ ತುರಿಕೆಯೂ ಕಮ್ಮಿ.

ನಾವು 50 ಗ್ರಾಂ ಮಾಡೋದು. ನಯಾಸಿನಮೈಡ್ 2 ಗ್ರಾಂ, ಗ್ಲಿಸರಿನ್ 2.5 ಗ್ರಾಂ, ಜಾಂಥನ್ ಗಮ್ 0.15 ಗ್ರಾಂ, ಫಿನಾಕ್ಸಿಎಥನಾಲ್ ಇರೋ ಪ್ರಿಸರ್ವೇಟಿವ್ 0.5 ಗ್ರಾಂ, ಉಳಿದ 44.85 ಗ್ರಾಂ ಡಿಸ್ಟಿಲ್ಡ್ ವಾಟರ್. ಚಮಚದ ಲೆಕ್ಕ ನಡೆಯಲ್ಲ, 0.01 ಗ್ರಾಂ ತೋರಿಸೋ ಚಿಕ್ಕ ತಕ್ಕಡಿ ಬೇಕು. ಮೊದಲು ಗಮ್ಮನ್ನು ಗ್ಲಿಸರಿನ್ನಲ್ಲಿ ಕಲಸಿ, ಆಮೇಲೆ ನೀರು ಹಾಕಿ. ನೇರ ನೀರಿಗೆ ಹಾಕಿದರೆ ಮುದ್ದೆಗೆ ಹಿಟ್ಟು ಹಾಕುವಾಗ ಆಗೋ ಹಾಗೆ ಗಂಟು ಕಟ್ಟುತ್ತೆ. ಗಂಟಿಲ್ಲದ ಮೇಲೆ ನಯಾಸಿನಮೈಡ್, ಕೊನೆಗೆ ಪ್ರಿಸರ್ವೇಟಿವ್. ಪಿಎಚ್ ಪಟ್ಟಿ ಅದ್ದಿ ನೋಡಿ, 5.5ರಿಂದ 6.5ರ ಒಳಗಿರಲಿ. ತುಂಬ ಹುಳಿಯಾದರೆ ನಯಾಸಿನಮೈಡ್ ಒಡೆದು ನಯಾಸಿನ್ ಆಗುತ್ತೆ, ಮುಖ ಕೆಂಪಾಗಿ ಬಿಸಿಯೇರುತ್ತೆ. ಅದಕ್ಕೇ ಇದರೊಳಗೆ ವಿಟಮಿನ್ ಸಿ ಪುಡಿ ಸುರಿಯಬೇಡಿ.

"ನ್ಯಾಚುರಲ್ ಇರಲಿ, ಪ್ರಿಸರ್ವೇಟಿವ್ ಬೇಡ" ಅನ್ನೋರು ನಮ್ಮಲ್ಲೂ ಇದ್ದಾರೆ. ನೀರಿರೋ ಯಾವುದೇ ವಸ್ತು ಬೂಷ್ಟಿಗೆ, ಬ್ಯಾಕ್ಟೀರಿಯಾಕ್ಕೆ ಮನೆ. ವಾಸನೆ ಬರೋ ಮೊದಲೇ ಅವು ಬೆಳೆದಿರುತ್ತವೆ. ಫಾರ್ಮ್ ಮನೆಗಳಲ್ಲಿರೋರು ಇನ್ನೂ ಜೋಪಾನ, ಅಲ್ಲಿ ಛಾವಣಿಯಿಂದ ಇಳಿದ ಮಳೆ ನೀರೇ ಟ್ಯಾಂಕಿಗೆ ಬರೋದು. ಪಾತ್ರೆ, ಬಾಟಲಿಗಳನ್ನು ಶೇಕಡ 70ರ ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿ ಒಣಗಿಸಿ. ಪಂಪಿರೋ ಬಾಟಲಿ ಒಳ್ಳೇದು, ಬೆರಳು ಅದ್ದೋ ಡಬ್ಬಿ ಬೇಡ. ಮೇಲೆ ತಾರೀಖು ಬರೆದು ಫ್ರಿಜ್ಜಿನಲ್ಲಿಡಿ. ನಾವು ಆರು ವಾರಕ್ಕೆ ಚೆಲ್ಲಿಬಿಡ್ತೀವಿ. ಹೊಸದಾಗಿ ಹಚ್ಚೋರು ಮೊಣಕೈ ಒಳಬದಿಗೆ ಹಚ್ಚಿ ಎರಡು ದಿನ ಕಾಯಿರಿ.

ಇಷ್ಟೆಲ್ಲ ಮಾಡಿ ಬರಿಮುಖದಲ್ಲಿ ಕೆಲಸಕ್ಕೆ ಹೋದರೆ ಎಲ್ಲ ನೀರುಪಾಲು. ನ್ಯೂಜಿಲ್ಯಾಂಡಿನ ಬೇಸಿಗೆಯ ಅತಿನೇರಳೆ ಕಿರಣ ಉತ್ತರ ಗೋಳಾರ್ಧದ ಅದೇ ಅಕ್ಷಾಂಶದ ಊರುಗಳಿಗಿಂತ ಸುಮಾರು ಶೇಕಡ 40 ಹೆಚ್ಚು. ಇಲ್ಲಿ ಗಾಳಿ ಶುಭ್ರ, ಓಜೋನ್ ಕಡಿಮೆ, ಮೇಲಾಗಿ ಜನವರಿಯಲ್ಲಿ ಭೂಮಿ ಸೂರ್ಯನಿಗೆ ಹತ್ತಿರ ಇರುತ್ತೆ. ನಮ್ಮ ರಾಯಚೂರು, ಬಳ್ಳಾರಿ ಬಿಸಿಲೂ ಕಮ್ಮಿಯೇನಲ್ಲ, ಆದರೆ ಅಲ್ಲಿ ಸೆಕೆಯೇ ನೆರಳಿಗೆ ಓಡಿಸುತ್ತೆ. ಇಲ್ಲಿ ತಂಗಾಳಿ ಬೀಸ್ತಿರುತ್ತೆ, ಚರ್ಮ ಸುಡ್ತಿರೋದು ಗೊತ್ತೇ ಆಗಲ್ಲ. ಸೆಪ್ಟೆಂಬರಿನಿಂದ ಏಪ್ರಿಲ್‌ವರೆಗೆ ಅಗಲ ಅಂಚಿನ ಟೋಪಿ, ಎಸ್‌ಪಿಎಫ್ 30ಕ್ಕಿಂತ ಕಮ್ಮಿಯಿಲ್ಲದ ಸನ್‌ಸ್ಕ್ರೀನು, ಎರಡು ಗಂಟೆಗೊಮ್ಮೆ ಮತ್ತೆ. 2022ರ ಸೆಪ್ಟೆಂಬರಿನಿಂದ ಇಲ್ಲಿ ಮಾರೋ ಸನ್‌ಸ್ಕ್ರೀನು ಎಎಸ್/ಎನ್‌ಝಡ್‌ಎಸ್ 2604 ಮಾನದಂಡ ಪಾಲಿಸಲೇಬೇಕು ಅಂತ ಕಾನೂನಿದೆ. ನಮ್ಮ ಚರ್ಮದ ಭಂಗಿಗೆ ಕಣ್ಣಿಗೆ ಕಾಣೋ ಬೆಳಕೂ ಕಾರಣ ಆಗೋದರಿಂದ ಐರನ್ ಆಕ್ಸೈಡ್ ಇರೋ, ಮೈಬಣ್ಣದ ಸನ್‌ಸ್ಕ್ರೀನು ಹೆಚ್ಚು ಕೆಲಸಕ್ಕೆ ಬರುತ್ತೆ. ಸನ್‌ಸ್ಕ್ರೀನನ್ನು ಮಾತ್ರ ಮನೆಯಲ್ಲಿ ಮಾಡೋ ಸಾಹಸ ಬೇಡ.

ಊರಿಂದ ಬಂದವರ ಬ್ಯಾಗಿನಲ್ಲಿ ಬರೋ ಕ್ರೀಮುಗಳ ಬಗ್ಗೆಯೂ ಹೇಳಲೇಬೇಕು. ಒಂದೇ ವಾರದಲ್ಲಿ ಮುಖ ಬೆಳ್ಳಗಾದರೆ ಸಂತೋಷಪಡಬೇಡಿ, ಅನುಮಾನಪಡಿ. ಅದರಲ್ಲಿ ಸ್ಟೀರಾಯ್ಡ್ ಇರಬಹುದು, ಪಾದರಸವೂ ಇರಬಹುದು. ಸ್ಟೀರಾಯ್ಡ್ ಚರ್ಮವನ್ನು ತೆಳ್ಳಗೆ ಮಾಡುತ್ತೆ, ನಿಲ್ಲಿಸಿದ ಕೂಡಲೇ ಉರಿ, ಮೊಡವೆ. ಪಾದರಸ ಕಿಡ್ನಿಗೇ ಪೆಟ್ಟು. ಸಾಮಗ್ರಿಗಳ ಪಟ್ಟಿ ಇಲ್ಲದ ಡಬ್ಬಿ ಯಾರು ಕೊಟ್ಟರೂ ಹಚ್ಚಬೇಡಿ. ಈಗಾಗಲೇ ತಿಂಗಳುಗಟ್ಟಲೆ ಹಚ್ಚಿದ್ದರೆ ಆ ಡಬ್ಬಿಯನ್ನೇ ಹಿಡಿದು ಜಿಪಿ ಹತ್ತಿರ ಹೋಗಿ, ಬೈತಾರೆ ಅನ್ನೋ ಸಂಕೋಚ ಬೇಡ. ಅಪಾಯಿಂಟ್‌ಮೆಂಟ್ ಸಿಗೋದು ತಡವಾದರೆ ಫಾರ್ಮಸಿಸ್ಟರನ್ನು ಕೇಳಬಹುದು, ಹೆಲ್ತ್‌ಲೈನ್ 0800 611 116ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು, ದುಡ್ಡಿಲ್ಲ. ಗರ್ಭಿಣಿಯರು ಏನೇ ಹಚ್ಚೋ ಮೊದಲು ಮಿಡ್‌ವೈಫ್‌ಗೆ ಒಂದು ಮಾತು ಕೇಳಿ. ಆಕಾರ ಬದಲಾಗೋ, ರಕ್ತ ಬರೋ ಮಚ್ಚೆಗೆ ಮಾತ್ರ ಯಾವ ಸೀರಮ್ಮೂ ಅಲ್ಲ, ಆ ವಾರವೇ ಡಾಕ್ಟರಿಗೆ ತೋರಿಸಿ.