ನಮ್ಮ ಪಡಸಾಲೆ ಹೇಗಿರಬೇಕು?

ಮನೆಗೆ ಬಂದವರು ಮೊದಲು ಕಾಲಿಡುವ ಸ್ಥಳವೇ ಪಡಸಾಲೆ. ಮನೆಯವರ ರೀತಿನೀತಿಗಳನ್ನು ಅವರು ಬಾಯಿ ತೆರೆಯುವ ಮೊದಲೇ ಅದು ಹೇಳಿಬಿಡುತ್ತದೆ. ಅಕ್ಕಲಕೋಟೆ, ಸೊಲ್ಲಾಪುರಗಳ ಈ ಸೀಮೆಯಲ್ಲಿ ಕನ್ನಡದ ಪಡಸಾಲೆಯೂ ಮರಾಠಿಯ ಓಸರಿಯೂ ಗೋಡೆಗೆ ಗೋಡೆ ತಾಗಿಸಿಕೊಂಡು ಬಾಳಿಕೊಂಡು ಬಂದಿವೆ. ಇಂದು ಹಲವರು ಅದನ್ನು ‘ಹಾಲ್’ ಎನ್ನುತ್ತಾರೆ. ಹೆಸರು ಯಾವುದೇ ಇರಲಿ, ಅಲ್ಲಿರುವ ಹತ್ತಾರು ವಸ್ತುಗಳು ಒಂದೇ ಕುಟುಂಬದವರಂತೆ ಹೊಂದಿಕೊಂಡು ಕಾಣುವಂತೆ ಮಾಡುವುದು ಹೇಗೆ ಎಂಬುದನ್ನು ವಿದ್ಯಾರ್ಥಿಗಳೂ ಪಾಲಕರೂ ಕೂಡಿ ವಿಚಾರಿಸಲೆಂದು ಈ ನಾಲ್ಕು ಮಾತುಗಳನ್ನು ಬರೆಯುತ್ತಿದ್ದೇವೆ.

ಶಾಲೆಯವರಿಗೆ ಈ ಉಸಾಬರಿ ಏಕೆಂದು ಯಾರಾದರೂ ಕೇಳಬಹುದು. ಪ್ರತಿವರ್ಷ ಹತ್ತನೆಯ ಇಯತ್ತೆಯ ಪರೀಕ್ಷೆಗೆ ಮುನ್ನ ವಿದ್ಯಾರ್ಥಿಗಳ ಮನೆಗಳಿಗೆ ಹೋಗಿ ಬರುವ ರೂಢಿಯನ್ನು ನಾವು ಇಟ್ಟುಕೊಂಡಿದ್ದೇವೆ. ಒಮ್ಮೆ ಒಂದು ಮನೆಗೆ ಹೋದಾಗ ಹುಡುಗನು ಹೊಸ್ತಿಲ ಬಳಿ ಕುಳಿತು, ತೊಡೆಯ ಮೇಲೆ ವಹಿಯನ್ನಿಟ್ಟುಕೊಂಡು ಲೆಕ್ಕ ಬಿಡಿಸುತ್ತಿದ್ದನು. ಒಳಗೆ ಹೊಸ ಸೋಫಾ ಇತ್ತು. ಅದರ ಪ್ಲಾಸ್ಟಿಕ್ ಹೊದಿಕೆಯನ್ನು ಇನ್ನೂ ತೆಗೆದಿರಲಿಲ್ಲ. “ಒಳಗೆ ಏಕೆ ಕೂಡಲಿಲ್ಲ, ತಮ್ಮಾ?” ಎಂದು ಕೇಳಿದೆವು. “ಅದು ಬೀಗರು ಬಂದ್ರ ಕೂಡ್ಲಾಕ ಅದರಿ, ಸರ್” ಎಂದನು. ಅವನ ಅಜ್ಜಿಯು ನಮ್ಮನ್ನು ಕಂಡೊಡನೆ ತಾನು ಹಾಸಿಕೊಂಡು ಕುಳಿತಿದ್ದ ಕೌದಿಯನ್ನು ಅವಸರದಿಂದ ಸುತ್ತಿ ಬಾಗಿಲ ಹಿಂದೆ ಅಡಗಿಸಿದಳು. ಸೋಫಾದ ಕಂತುಗಳು ಇನ್ನೂ ತೀರಿರಲಿಲ್ಲವೆಂದು ಬಳಿಕ ತಿಳಿಯಿತು. ಸಾಲ ಮಾಡಿ ಅಲಂಕರಿಸಿದ ಕೋಣೆಯಲ್ಲಿ ಮನೆಯ ಮಗನಿಗೂ ಸ್ಥಳವಿಲ್ಲ, ಮನೆಯ ಹಿರಿಯಳಿಗೂ ಸ್ಥಳವಿಲ್ಲ! ಅಂದಿನಿಂದ ಈ ವಿಷಯವು ನಮ್ಮ ಮನಸ್ಸನ್ನು ಕೊರೆಯುತ್ತಿದೆ.

ಆದುದರಿಂದ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ: ಈ ಕೋಣೆಯಲ್ಲಿ ಯಾರು ಯಾರು, ಯಾವ ಯಾವ ಹೊತ್ತಿನಲ್ಲಿ, ಏನೇನು ಮಾಡುತ್ತಾರೆ? ಮಕ್ಕಳ ಓದು, ಹಿರಿಯರ ವಿಶ್ರಾಂತಿ, ನೆಂಟರ ಮಾತುಕತೆ, ಹಬ್ಬದ ಪೂಜೆ, ಇವಿಷ್ಟಕ್ಕೂ ಎಡೆ ದೊರೆತ ಮೇಲೆಯೇ ಶೃಂಗಾರದ ಮಾತು.

ಎರಡನೆಯದು ಅಳತೆ. ವಿದ್ಯಾರ್ಥಿಗಳೇ, ಚೌಕಳಿ ಕಾಗದದ ಮೇಲೆ ಒಂದು ಚೌಕಕ್ಕೆ ಒಂದು ಅಡಿಯಂತೆ ನಿಮ್ಮ ಪಡಸಾಲೆಯ ನಕ್ಷೆಯನ್ನು ಬರೆಯಿರಿ. ೧೪ ಅಡಿ ಉದ್ದ, ೧೦ ಅಡಿ ಅಗಲದ ಕೋಣೆಯೆಂದರೆ ೧೪೦ ಚದರ ಅಡಿ. ೬ ಅಡಿ ಉದ್ದ, ೨½ ಅಡಿ ಅಗಲದ ಸೋಫಾ ೧೫ ಚದರ ಅಡಿಯನ್ನು ನುಂಗುತ್ತದೆ, ಅದರ ಜೊತೆಯ ಎರಡು ಕುರ್ಚಿಗಳು ೧೨½, ಟೀಪಾಯಿ ೪½, ಟಿ.ವಿ. ಕಪಾಟು ೭½, ಒಂದು ಮಂಚ ೧೮. ಕೂಡಿಸಿದರೆ ೫೭½ ಚದರ ಅಡಿ, ಅಂದರೆ ನೂರಕ್ಕೆ ೪೧ ಪಾಲು. ಉಳಿದುದರಲ್ಲಿ ನಡೆದಾಡುವ ದಾರಿಗೆ ಎರಡೂವರೆಯಿಂದ ಮೂರು ಅಡಿ ಅಗಲವಾದರೂ ಬೇಕು. ಸಿದ್ಧೇಶ್ವರ ಜಾತ್ರೆಗೆಂದು ಬಂದ ನೆಂಟರಿಗೆ ಹಾಸಿಗೆ ಹಾಸುವುದು ಎಲ್ಲಿ? ಗಣಪತಿಯನ್ನು ಕೂಡಿಸುವುದು ಎಲ್ಲಿ? ಬರಿಯ ನೆಲವು ಬಡತನದ ಗುರುತಲ್ಲ. ಅದು ಪಡಸಾಲೆಯ ಆಸ್ತಿ. ವಸ್ತುಗಳನ್ನು ಕೊಳ್ಳುವ ಮುಂಚೆ ಅವುಗಳ ಅಳತೆಗೆ ತಕ್ಕಂತೆ ಕಾಗದದ ತುಂಡುಗಳನ್ನು ಕತ್ತರಿಸಿ ನಕ್ಷೆಯ ಮೇಲೆ ಸರಿಸಿ ನೋಡಿದರೆ ಮುಂದಿನ ಪಶ್ಚಾತ್ತಾಪ ತಪ್ಪುತ್ತದೆ.

ಈ ತಪ್ಪು ನಮ್ಮ ಮನೆಯಲ್ಲಿಯೂ ಆಗಿದೆಯೆಂದು ಒಪ್ಪಿಕೊಳ್ಳಬೇಕು. ಗಾಜಿನ ಬಾಗಿಲಿನ ದೊಡ್ಡ ಕಪಾಟೊಂದನ್ನು ತಂದು, ಬೇರೆಡೆ ಚೆನ್ನಾಗಿ ಕಾಣದೆಂದು ಕಿಟಕಿಗೆ ಅಡ್ಡವಾಗಿ ನಿಲ್ಲಿಸಿದೆವು. ಹಾಡುಹಗಲಿನಲ್ಲಿ ದೀಪ ಹಚ್ಚಬೇಕಾಯಿತು. ಎರಡು ವರ್ಷಗಳ ಬಳಿಕ ಬುದ್ಧಿ ಬಂದು ಅದನ್ನು ಕಿಟಕಿಯಿಲ್ಲದ ಗೋಡೆಗೆ ಸರಿಸಿದಾಗ ಕೋಣೆಯೇ ಬೆಳೆದಂತೆ ತೋರಿತು. ಅದಕ್ಕೆ ತಗುಲಿದ ಖರ್ಚು, ಅರ್ಧ ಗಂಟೆಯ ಬೆವರು ಮಾತ್ರ.

ಇನ್ನು ಬಣ್ಣದ ವಿಚಾರ. ನಮ್ಮ ಹಿರಿಯರ ಮಾಳಿಗೆ ಮನೆಗಳಲ್ಲಿ ಸಾರಣೆ, ಕಾರಣೆ ಎಂಬ ಜೋಡಿ ಪದ್ಧತಿಯಿತ್ತು. ನೆಲವನ್ನು ಸಾರಿಸಿ, ಗೋಡೆಗೆ ಸುಣ್ಣ ಬಳಿದು, ಬುಡದಲ್ಲಿ ಕೆಮ್ಮಣ್ಣಿನ ಪಟ್ಟಿಯನ್ನು ಎಳೆಯುತ್ತಿದ್ದರು. ಆ ಒಂದು ಕೆಂಪು ಪಟ್ಟಿಯು ಬಾಗಿಲು, ಗೂಡು, ಮೂಲೆಗಳನ್ನೆಲ್ಲ ಸುತ್ತಿ ಬಂದು ನಾಲ್ಕು ಗೋಡೆಗಳನ್ನೂ ಒಂದೇ ಸೂತ್ರದಲ್ಲಿ ಕಟ್ಟುತ್ತಿತ್ತು. ಸುಣ್ಣದ ಬಿಳುಪು, ಕಿಂಡಿಯಿಂದ ಬಂದ ಅಲ್ಪ ಬೆಳಕನ್ನು ಮರಳಿ ಕೋಣೆಗೆ ಎಸೆಯುತ್ತಿತ್ತು. ಇಂದಿನ ಗೃಹಾಲಂಕಾರದವರು ಹೇಳುವ ನಿಯಮವೂ ಇದಕ್ಕೆ ದೂರವಲ್ಲ: ಕಣ್ಣಿಗೆ ಬೀಳುವ ಬಣ್ಣದಲ್ಲಿ ಹತ್ತಕ್ಕೆ ಆರು ಪಾಲು ಒಂದು ತಿಳಿ ಬಣ್ಣ, ಮೂರು ಪಾಲು ಅದಕ್ಕೊಪ್ಪುವ ಮತ್ತೊಂದು, ಉಳಿದ ಒಂದು ಪಾಲು ಎದ್ದು ಕಾಣುವ ಬಣ್ಣ. ಗೋಡೆಯು ತಿಳಿಯಾಗಿರಲಿ, ಶಹಾಬಾದ ಫರ್ಶಿಯ ಬೂದುಬಣ್ಣವೂ ಕಟ್ಟಿಗೆಯ ಕಂದುಬಣ್ಣವೂ ಎರಡನೆಯ ಸಾಲಿನಲ್ಲಿರಲಿ, ಕೆಂಪೋ ಹಸಿರೋ ಒಂದು ಗಾಢವಾದ ಬಣ್ಣವು ಪರದೆ, ದಿಂಬು, ಬಾಗಿಲ ತೋರಣಗಳಲ್ಲಿ ಮೂರು ನಾಲ್ಕು ಕಡೆ ಮರುಕಳಿಸಲಿ. ಹೀಗೆ ಒಂದೇ ಬಣ್ಣವು ಅಲ್ಲಲ್ಲಿ ಮತ್ತೆ ಮತ್ತೆ ಕಂಡಾಗ, ಬೇರೆ ಬೇರೆ ಕಾಲದಲ್ಲಿ ಬಂದ ವಸ್ತುಗಳಿಗೂ ಪರಸ್ಪರ ಬಾಂಧವ್ಯ ಬೆಳೆಯುತ್ತದೆ.

ಹೊಂದಿಕೆಯೆಂದರೆ ಎಲ್ಲವೂ ಒಂದೇ ಅಂಗಡಿಯಿಂದ, ಒಂದೇ ದಿನ ಬರಬೇಕೆಂದಲ್ಲ. ಅಜ್ಜಿಯು ಅಡಗಿಸಿದ ಆ ಕೌದಿಯನ್ನೇ ನೋಡಿರಿ. ಹಳೆಯ ಸೀರೆ, ಧೋತರ, ಅಂಗಿಗಳ ತುಂಡುಗಳು ಅದರಲ್ಲಿ ಸೇರಿರುತ್ತವೆ, ಒಂದರಂತೆ ಇನ್ನೊಂದಿಲ್ಲ. ಆದರೂ ಆದಿಯಿಂದ ಅಂತ್ಯದವರೆಗೆ ಒಂದೇ ಬಗೆಯ ಹೊಲಿಗೆ ಸಾಗುವುದರಿಂದಲೂ, ಸುತ್ತಲೂ ಒಂದು ಅಂಚು ಇರುವುದರಿಂದಲೂ ಅದು ಒಂದೇ ವಸ್ತುವಾಗಿ ನಿಲ್ಲುತ್ತದೆ. ಪಡಸಾಲೆಯನ್ನು ಜೋಡಿಸುವವರಿಗೆ ಇದಕ್ಕಿಂತ ಒಳ್ಳೆಯ ಪಾಠ ಬೇಕಿಲ್ಲ. ಶುಚಿಯಾಗಿ ಒಗೆದ ಕೌದಿಯನ್ನು ಮಂಚದ ಮೇಲೆ ಹರವಿ, ಅದರಲ್ಲಿರುವ ಒಂದು ಬಣ್ಣವನ್ನು ಪರದೆಗೆ ಆರಿಸಿಕೊಳ್ಳಿರಿ. ಭೌಗೋಳಿಕ ಗುರುತಿನ ಮನ್ನಣೆ ಪಡೆದ ಸೊಲ್ಲಾಪುರದ ಚಾದರವು ನಮ್ಮ ನೆರೆಯಲ್ಲೇ ನೇಯಲ್ಪಡುತ್ತಿರುವಾಗ, ಹಾಸಲು ಹೊದೆಯಲು ದೂರದ ಥಳಕಿನ ವಸ್ತ್ರಕ್ಕೆ ಹಾತೊರೆಯುವುದೇಕೆ? ಆದರೆ ಚಿತ್ತಾರ ತುಂಬಿದ ಚಾದರದ ಪಕ್ಕದಲ್ಲಿ ಹೂವಿನ ಪರದೆ, ಹೂವಿನ ದಿಂಬು ಎಲ್ಲವೂ ಕೂಡಿದರೆ ಸಂತೆಯ ಗದ್ದಲವಾದೀತು. ಒಂದು ಮಾತಾಡುವಾಗ ಉಳಿದವು ಸುಮ್ಮನಿರಬೇಕು.

ಚಿತ್ರಪಟಗಳನ್ನು ಜಂತಿಗೆ ತಗುಲುವಂತೆ ತೂಗುಹಾಕುವುದು ನಮ್ಮಲ್ಲಿ ಬಹಳ. ದೇವರ ಪಟಗಳು ಎತ್ತರದಲ್ಲಿರುವುದು ಭಕ್ತಿಯ ಮಾತು. ಅದು ಹಾಗೆಯೇ ಇರಲಿ. ಉಳಿದ ಚಿತ್ರಗಳ ನಡುಭಾಗವು ನೆಲದಿಂದ ಐದು ಅಡಿಯೊಳಗೆ, ನೋಡುವವರ ಕಣ್ಣಿನ ಮಟ್ಟಕ್ಕೆ ಬರಬೇಕು. ಹಲವು ಸಣ್ಣ ಪಟಗಳಿದ್ದರೆ ಗೋಡೆಗೊಂದರಂತೆ ಚದುರಿಸದೆ ಒಂದೆಡೆ ಗುಂಪಾಗಿಸಿರಿ. ಬಹುಮಾನದ ಬಟ್ಟಲು, ಗೊಂಬೆ, ಹೂದಾನಿಗಳನ್ನೆಲ್ಲ ಏಕಕಾಲಕ್ಕೆ ಮೆರೆಸುವ ಬದಲು ಕೆಲವನ್ನು ಒಳಗಿಟ್ಟು, ಹಬ್ಬದಿಂದ ಹಬ್ಬಕ್ಕೆ ಬದಲಿಸಿದರೆ ಮನೆಯು ಹೊಸತಾಗುತ್ತಿರುತ್ತದೆ. ಕೂಡುವ ಆಸನಗಳೆಲ್ಲ ಟಿ.ವಿ.ಗೆ ಮುಖಮಾಡಿ ನಿಂತಿದ್ದರೆ ಮನುಷ್ಯರು ಮನುಷ್ಯರ ಮುಖ ನೋಡುವುದು ಯಾವಾಗ? ಆರೆಂಟು ಅಡಿಗಳ ಅಂತರದಲ್ಲಿ ಕೆಲವಾದರೂ ಎದುರುಬದುರಾಗಿರಲಿ.

ದೀಪದ ವಿಷಯವನ್ನು ಬಹಳ ಜನರು ಗಮನಿಸುವುದಿಲ್ಲ. ಎಲ್.ಇ.ಡಿ. ಬಲ್ಬಿನ ಪೆಟ್ಟಿಗೆಯ ಮೇಲೆ ಕೆಲ್ವಿನ್ ಎಂಬ ಮಾನದಲ್ಲಿ ಬೆಳಕಿನ ಛಾಯೆಯನ್ನು ಮುದ್ರಿಸಿರುತ್ತಾರೆ. ೨೭೦೦ರಿಂದ ೩೦೦೦ದ್ದು ಹಳದಿ ಮಿಶ್ರಿತ ಬೆಳಕು. ೬೫೦೦ದ್ದು ನೀಲಿ ಮಿಶ್ರಿತ ಬಿಳುಪು. ಒಂದೇ ಕೋಣೆಯಲ್ಲಿ ಅದೊಂದು ಇದೊಂದು ಉರಿದರೆ ಗೋಡೆಯ ಒಂದು ಭಾಗವು ಒಂದು ಬಣ್ಣ, ಇನ್ನೊಂದು ಭಾಗವು ಇನ್ನೊಂದು ಬಣ್ಣವಾಗಿ ಕಂಡು ಎಲ್ಲ ಹೊಂದಿಕೆಯೂ ಕೆಡುತ್ತದೆ. ಎರಡೂ ಬಲ್ಬುಗಳು ಒಂದೇ ಛಾಯೆಯವಾಗಿರಲಿ.

ಕೊನೆಯದಾಗಿ ಪಾಲಕರಲ್ಲಿ ನಮ್ಮದೊಂದು ವಿನಂತಿ. ಕಿಟಕಿಯ ಬಳಿ, ಬಲಗೈಯಿಂದ ಬರೆಯುವ ಮಗುವಿಗೆ ಬೆಳಕು ಎಡದಿಂದ ಬೀಳುವಂತೆ, ಒಂದು ಚಾಪೆಯನ್ನೂ ಒಂದು ಗಿಡ್ಡ ಮೇಜನ್ನೂ ಇಡಿರಿ. ಗೋಡೆಯ ಗೂಡಿನಲ್ಲಿ ಹತ್ತು ಕನ್ನಡ ಪುಸ್ತಕಗಳಿರಲಿ. ಅವುಗಳ ಪಕ್ಕದಲ್ಲಿ ಮರಾಠಿ ಪುಸ್ತಕಗಳೂ ಇರಲಿ. ಆ ಮೂಲೆಯು ಅತಿಥಿಗಳ ಕಣ್ಣಿಗೆ ಬಿದ್ದರೆ ನಾಚಬೇಕಾದುದೇನೂ ಇಲ್ಲ. ಮನೆಯ ನಿಜವಾದ ಅಲಂಕಾರ ಅದೇ ಎಂದು ಹೆಮ್ಮೆಪಡಿರಿ. ಮತ್ತು ಮುಂದಿನ ಸಲ ನಾವು ನಿಮ್ಮ ಮನೆಗೆ ಬಂದಾಗ ಕೌದಿಯನ್ನು ಸುತ್ತಿಡಬೇಡಿರಿ. ಅದರ ಮೇಲೆಯೇ ಕುಳಿತು ಚಹ ಕುಡಿಯುತ್ತ, ನಿಮ್ಮ ಮಗನ ಲೆಕ್ಕಗಳನ್ನು ನೋಡುವ ಆಸೆ ನಮಗಿದೆ.